ಪ್ಲೇಟ್ ಹಾಕಿದ್ದಾಯ್ತು, ಮಂಡಿ ಮಡಿಚೋದು ಯಾವಾಗ?

ಓದುಗರ ಪ್ರಶ್ನೆ, ಮೂಳೆ ಡಾಕ್ಟರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮಂಡಿ ಮುರಿದುಕೊಂಡವರದ್ದೇ ಜಾಸ್ತಿ. ಬಿದ್ದವರು, ಗಾಡಿ ಗುದ್ದಿದವರು, ಅವರನ್ನು ನೋಡಿಕೊಳ್ಳುತ್ತಿರುವ ಮನೆಯವರು. ಆಪರೇಷನ್ ಹೇಗೆ ಮಾಡುತ್ತಾರೆ ಎಂದು ಕೇಳಿದವರು ಕಡಿಮೆ. ಅದಾದ ಮೇಲಿನ ತಿಂಗಳುಗಳನ್ನು ಹೇಗೆ ಕಳೆಯುವುದು ಎಂದು ಕೇಳಿದವರೇ ಹೆಚ್ಚು. ಮಂಡಿ ಹಾಳಾಗುವುದೂ ಉಳಿಯುವುದೂ ಆ ತಿಂಗಳುಗಳಲ್ಲೇ. ಹಾಗಾಗಿ ಇಡೀ ಅಂಕಣ ಇವತ್ತು ಮಂಡಿಗೇ.

ಪ್ರಶ್ನೆ: ನನಗೆ 48 ವರ್ಷ. ಸ್ಕೂಟರ್‌ನಿಂದ ಬಿದ್ದು ಮಂಡಿಯ ಕೆಳಗಿನ ಮೂಳೆಯ ತಲೆಭಾಗ ಒಡೆಯಿತು. ಟಿಬಿಯಲ್ ಪ್ಲೇಟೋ ಮುರಿತ ಎಂದರು. ಸೊಂಟದಿಂದ ಸ್ವಲ್ಪ ಮೂಳೆ ತೆಗೆದು ಒಳಗೆ ತುಂಬಿ, ಪ್ಲೇಟು ಸ್ಕ್ರೂ ಹಾಕಿದ್ದಾರೆ. 5 ವಾರ ಆಯಿತು. 'ಭಾರ ಹಾಕಬೇಡಿ, ಮಂಡಿ ಮಡಿಚುತ್ತಾ ಇರಿ' ಎಂದು ಹೇಳಿ ಕಳಿಸಿದ್ದರು. ಆದರೆ ಮಡಿಚಿದರೆ ಸ್ಕ್ರೂ ಕಿತ್ತು ಬಂದೀತು ಅಂತ ಮನೆಯಲ್ಲಿ ಎಲ್ಲರಿಗೂ ಭಯ. ಮಂಡಿ ಕೆಳಗೆ ದಿಂಬು ಇಟ್ಟು ಮಲಗಿಸಿದ್ದಾರೆ. ಈಗ ಮಡಿಚಲೂ ಆಗುತ್ತಿಲ್ಲ, ಪೂರ್ತಿ ಚಾಚಲೂ ಆಗುತ್ತಿಲ್ಲ. ಬಾತ್‌ರೂಮಿಗೆ ಮಾತ್ರ ಕಾಲೂರಿಕೊಂಡೇ ಹೋಗಿ ಬರುತ್ತೇನೆ. ಇದು ಸರಿಹೋಗುತ್ತಾ?

ಸರಿಹೋಗುತ್ತೆ ಅಮ್ಮ. 5 ವಾರ ಅಂದರೆ ಇನ್ನೂ ಕಾಲ ಮೀರಿಲ್ಲ. ಮೊದಲು ಆ ದಿಂಬು ತೆಗೆಸಿ. ಇವತ್ತೇ.

ನಿಮಗೆ ಹೇಳಿದ್ದು ಎರಡು ಮಾತು: ಭಾರ ಬೇಡ, ಮಡಿಚುವುದು ಬೇಕು. ನಡೆದದ್ದು ತಿರುಗಾಮುರುಗಾ. ಭಾರ ಹಾಕಿದ್ದೀರಿ, ಮಡಿಚಿಲ್ಲ. ನಿಮ್ಮೊಬ್ಬರ ಮನೆಯಲ್ಲಿ ಮಾತ್ರ ಹೀಗಾಗಿದ್ದಲ್ಲ. ಡ್ರೆಸ್ಸಿಂಗಿಗೆ ಬರುವವರಲ್ಲಿ ನಾನು ಇದನ್ನು ತುಂಬ ನೋಡುತ್ತೇನೆ. ಮಡಿಚುವಾಗ ನೋವಾಗುತ್ತೆ, ಆದ್ದರಿಂದ ಅದೇ ಅಪಾಯ ಅನ್ನಿಸುತ್ತೆ. ನಾಲ್ಕು ಹೆಜ್ಜೆ ಊರಿದರೆ ಅಷ್ಟೇನೂ ನೋಯುವುದಿಲ್ಲ, ಆದ್ದರಿಂದ ಪರವಾಗಿಲ್ಲ ಅನ್ನಿಸುತ್ತೆ. ಒಳಗಿನ ಲೆಕ್ಕ ಬೇರೆ.

ಕಣಕಾಲು ಮೂಳೆಯ, ಅಂದರೆ ಮಂಡಿಯಿಂದ ಪಾದದವರೆಗಿನ ದಪ್ಪ ಮೂಳೆಯ, ಮೇಲ್ತುದಿ ಅಗಲವಾಗಿ, ಹೆಚ್ಚುಕಡಿಮೆ ಚಪ್ಪಟೆಯಾಗಿ ಇರುತ್ತದೆ. ಮೇಲೆ ಕಾರ್ಟಿಲೇಜಿನ ನುಣುಪು ಪದರ. ಅದರ ಕೆಳಗಿನ ಮೂಳೆ ಗಟ್ಟಿ ಕೊಳವೆಯಲ್ಲ, ಸ್ಪಂಜಿನ ಹಾಗೆ ರಂಧ್ರ ರಂಧ್ರ. ಬಿದ್ದಾಗ ತೊಡೆಮೂಳೆಯ ದುಂಡು ತುದಿ ಮೇಲಿನಿಂದ ಬಡಿದು, ಆ ನುಣುಪು ಪದರವನ್ನೇ ಒಳಕ್ಕೆ ತಳ್ಳುತ್ತದೆ. ಸಾಮಾನ್ಯವಾಗಿ ಹೊರಬದಿಯಲ್ಲೇ ಇದು ಆಗುವುದು. ನಾವು ಆಪರೇಷನ್‌ನಲ್ಲಿ ಮಾಡುವುದು ಇಷ್ಟು: ಕುಸಿದ ತುಂಡನ್ನು ಕೆಳಗಿನಿಂದ ನಿಧಾನವಾಗಿ ಮೇಲಕ್ಕೆತ್ತಿ ಪಕ್ಕದ ಮಟ್ಟಕ್ಕೆ ತರುತ್ತೇವೆ. ಎತ್ತಿದ ಮೇಲೆ ಅಡಿಯಲ್ಲಿ ಖಾಲಿ ಜಾಗ ಉಳಿಯುತ್ತದೆ, ಯಾಕೆಂದರೆ ಅಲ್ಲಿದ್ದ ಮೂಳೆ ಜಜ್ಜಿಹೋಗಿರುತ್ತದೆ. ಅಲ್ಲಿ ಸೊಂಟದ ಮೂಳೆಯನ್ನೋ ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟನ್ನೋ ತುಂಬುತ್ತೇವೆ. ನುಣುಪು ಪದರದ ಕೆಳಗೆ ಸಾಲಾಗಿ ಸ್ಕ್ರೂ ಹಾಯಿಸಿ, ಪಕ್ಕದಿಂದ ಪ್ಲೇಟ್ ಒತ್ತು ಕೊಡುತ್ತೇವೆ.

ನೀವು ನಿಂತಾಗ ತೊಡೆಮೂಳೆ ನೇರವಾಗಿ ಆ ತುಂಡಿನ ಮೇಲೇ ಕೂರುತ್ತದೆ. ತುಂಬಿದ ಮೂಳೆ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಒಂದೆರಡು ಮಿಲಿಮೀಟರ್ ಮತ್ತೆ ಕುಸಿಯಬಹುದು. ಆಗ ನೋವು ಜಾಸ್ತಿ ಆಗಲೇಬೇಕು ಅಂತಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತೆ. ಆದರೆ ಮಲಗಿಕೊಂಡೋ ಕೂತುಕೊಂಡೋ ಮಂಡಿ ಮಡಿಚಿದರೆ ಅಷ್ಟು ಭಾರ ಬೀಳುವುದಿಲ್ಲ. ಸ್ಕ್ರೂ ಕಿತ್ತು ಬರುವುದಿಲ್ಲ. ಕಾರ್ಟಿಲೇಜಿಗೆ ರಕ್ತನಾಳ ಇಲ್ಲ. ಅದು ಬದುಕುವುದು ಕೀಲಿನೊಳಗಿನ ದ್ರವದಿಂದ. ಕೀಲು ಆಡಿದಾಗಲೇ ಆ ದ್ರವ ಒಳಕ್ಕೆ ಹೋಗಿ ಬರುವುದು. ಅಷ್ಟು ಕಷ್ಟಪಟ್ಟು ಪ್ಲೇಟ್ ಹಾಕುವುದೇ, ಮೂಳೆ ಕೂಡುವವರೆಗೆ ಕಾಯದೆ ಮೊದಲ ವಾರದಿಂದಲೇ ಮಂಡಿ ಆಡಿಸಲಿ ಅಂತ. ಸುಮ್ನೆ ಮಲಗಿಸುವುದೇ ಆಗಿದ್ದರೆ ಪ್ಲಾಸ್ಟರ್ ಸಾಕಿತ್ತು ಅಲ್ವಾ?

ಈಗ ಮಾಡಬೇಕಾದ್ದು. ಟವೆಲ್ ಸುರುಳಿ ಮಾಡಿ ಹಿಮ್ಮಡಿ ಕೆಳಗೆ ಇಡಿ. ಮಂಡಿಯ ಹಿಂಭಾಗ ಗಾಳಿಯಲ್ಲಿರಲಿ. ಹಾಗೇ 10 ನಿಮಿಷ ಬಿಡಿ, ಕಾಲಿನ ತೂಕಕ್ಕೇ ಮಂಡಿ ನಿಧಾನವಾಗಿ ನೇರವಾಗುತ್ತದೆ. ದಿನಕ್ಕೆ ನಾಲ್ಕೈದು ಸಲ. ಆಗಲೇ ತೊಡೆ ಬಿಗಿಮಾಡಿ ಮಂಡಿಯನ್ನು ಕೆಳಕ್ಕೆ ಒತ್ತಿ, 5 ಎಣಿಸಿ, ಬಿಡಿ. ಮಂಡಿಯಲ್ಲಿ ಊತ ಇದ್ದರೆ ತೊಡೆಯ ಮುಂದಿನ ಸ್ನಾಯು ತಾನೇ ಕೆಲಸ ನಿಲ್ಲಿಸಿಬಿಡುತ್ತದೆ. ಮಂಡಿಚಿಪ್ಪಿನ ಮೇಲೆ, ಒಳಬದಿಗೆ ಬೆರಳಿಟ್ಟು ನೋಡಿ. ಇನ್ನೊಂದು ಕಾಲಿನಲ್ಲಿ ಗಡುಸಾದ ಉಬ್ಬು ಸಿಗುತ್ತೆ, ಈ ಕಾಲಿನಲ್ಲಿ ಹಳ್ಳ ಬಿದ್ದಿರುತ್ತೆ. ಅದು ಮತ್ತೆ ತುಂಬಬೇಕು.

ಮಡಿಚುವುದಕ್ಕೆ, ಹಾಸಿಗೆ ಮೇಲೆ ಹಿಮ್ಮಡಿಯನ್ನು ನಿಧಾನವಾಗಿ ನಿಮ್ಮ ಕಡೆ ಎಳೆದುಕೊಳ್ಳಿ. ಆಮೇಲೆ ಮಂಚದ ಅಂಚಿಗೆ ಕೂತು, ಒಳ್ಳೆಯ ಕಾಲನ್ನು ಪೆಟ್ಟಾದ ಕಾಲಿನ ಅಡಿಗೆ ಕೊಟ್ಟು, ಎರಡನ್ನೂ ಒಟ್ಟಿಗೆ ಕೆಳಗಿಳಿಸಿ. ಬೇರೆ ಯಾರೂ ಒತ್ತುವುದು ಬೇಡ. ನೋವು ಬರುತ್ತೆ. ವ್ಯಾಯಾಮ ಮುಗಿದು ಸ್ವಲ್ಪ ಹೊತ್ತಿಗೆ ಇಳಿದರೆ ಅದು ಒಳ್ಳೆ ನೋವೇ. ಮಾರನೇ ಬೆಳಗ್ಗೆ ಮಂಡಿ ನಿನ್ನೆಗಿಂತ ಊದಿದ್ದರೆ ಮಾತ್ರ ಒಂದು ಮಟ್ಟ ಕಡಿಮೆ ಮಾಡಿ. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ. ನಿಮ್ಮ ಕಾಲಿಗೆ 6 ವಾರದ ಹೊತ್ತಿಗೆ 90 ಡಿಗ್ರಿ ಸಿಕ್ಕರೆ ಚೆನ್ನಾಗಿತ್ತು. ತಡವಾಗಿದೆ, ಆದ್ದರಿಂದ ಮನೆಯಲ್ಲಿ ಮಾಡುವುದರ ಜೊತೆಗೆ ಫಿಸಿಯೋಥೆರಪಿಗೂ ಹೋಗಿ.

ನಡೆಯುವ ವಿಷಯ. ಈ ವಾರವೇ ನಿಮ್ಮ ಸರ್ಜನ್ನರಿಗೆ ತೋರಿಸಿ, ಇಷ್ಟು ದಿನ ಕಾಲೂರಿದ್ದೇನೆ ಎಂದು ಮುಚ್ಚಿಡದೆ ಹೇಳಿ. ಎಕ್ಸ್‌ರೇ ಮಾಡಿಸುತ್ತಾರೆ. ಸಾಮಾನ್ಯವಾಗಿ ಈ ಮುರಿತಕ್ಕೆ 8ರಿಂದ 12 ವಾರ ಪೂರ್ತಿ ಭಾರ ಕೊಡುವುದಿಲ್ಲ. ಮೊದಲು ಸ್ವಲ್ಪ ಸ್ವಲ್ಪ ಹಾಕಿ ಅನ್ನುತ್ತಾರೆ. ಸ್ವಲ್ಪ ಅಂದರೆ ಎಷ್ಟು ಎಂದು ಕಿಲೋ ಲೆಕ್ಕದಲ್ಲೇ ಕೇಳಿ. 15 ಕಿಲೋ ಅಂದರು ಅಂತಿಟ್ಟುಕೊಳ್ಳಿ. ತೂಕ ನೋಡುವ ಯಂತ್ರ ನೆಲದಲ್ಲಿಟ್ಟು, ಒಳ್ಳೆಯ ಕಾಲಿನ ಕೆಳಗೆ ಅಷ್ಟೇ ಎತ್ತರದ ಹಲಗೆ ಇಟ್ಟು, ವಾಕರ್ ಹಿಡಿದು ನಿಂತು, ಪೆಟ್ಟಾದ ಕಾಲನ್ನು ಯಂತ್ರದ ಮೇಲೆ ಒತ್ತಿ. ಮುಳ್ಳು 15ಕ್ಕೆ ಬಂದಾಗ ಕಾಲಿಗೆ ಹೇಗನ್ನಿಸುತ್ತೆ ಎಂದು ನೆನಪಿಟ್ಟುಕೊಳ್ಳಿ. ನಡೆಯುವಾಗ ಅಷ್ಟೇ. ಕಾಲು ಮರೆಯುತ್ತೆ, ಆದ್ದರಿಂದ ಎರಡು ದಿನಕ್ಕೊಮ್ಮೆ ಮತ್ತೆ ಯಂತ್ರದ ಮೇಲೆ ನಿಂತು ನೋಡಿ.

ಪ್ರಶ್ನೆ: ನಮ್ಮ ಅಣ್ಣನಿಗೆ ಕಾರು ಗುದ್ದಿ ಮಂಡಿ ಕೆಳಗೆ ಮೂಳೆ ಪುಡಿಯಾಗಿದೆ. ಅವತ್ತು ರಾತ್ರಿಯೇ ತೊಡೆಗೂ ಕಣಕಾಲಿಗೂ ಹೊರಗಿನಿಂದ ರಾಡ್ ಹಾಕಿ ನಿಲ್ಲಿಸಿದರು. ನಿಜವಾದ ಆಪರೇಷನ್ 10-12 ದಿನ ಬಿಟ್ಟು ಅನ್ನುತ್ತಿದ್ದಾರೆ. ಕಾಲಿನ ಮೇಲೆ ನೀರುಗುಳ್ಳೆ ಎದ್ದಿದೆ. ಇಷ್ಟು ತಡ ಮಾಡಿದರೆ ಮೂಳೆ ಹಾಗೇ ಸೊಟ್ಟ ಕೂಡಿಬಿಡಲ್ವಾ?

ಕೂಡುವುದಿಲ್ಲ. ಎರಡು ವಾರದಲ್ಲಿ ಮೂಳೆ ಅಷ್ಟು ಗಟ್ಟಿಯಾಗುವುದಿಲ್ಲ, ಬಿಡಿಸಿ ಸರಿಯಾಗಿ ಕೂರಿಸಬಹುದು. ಮೂರು ವಾರ ದಾಟಿದರೆ ಕಷ್ಟ ಶುರುವಾಗುತ್ತೆ.

ಡಾಕ್ಟರು ಕಾಯುತ್ತಿರುವುದು ಮೂಳೆಗಲ್ಲ, ಚರ್ಮಕ್ಕೆ. ಮಂಡಿಯ ಕೆಳಗೆ ಮುಂಭಾಗದಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸವೇ ಕಡಿಮೆ. ಊದಿ ಹೊಳೆಯುತ್ತಿರುವ, ಗುಳ್ಳೆ ಎದ್ದಿರುವ ಚರ್ಮದ ಮೇಲೆ ಕತ್ತಿ ಆಡಿಸಿದರೆ ಹೊಲಿಗೆ ಕೂಡುವುದಿಲ್ಲ. ಗಾಯ ಬಾಯಿ ಬಿಟ್ಟು ಪ್ಲೇಟ್ ಕಾಣಿಸಿತು ಅಂದರೆ, ಕೀವು ಆಯಿತು ಅಂದರೆ, ಆಮೇಲಿನ ಒಂದು ವರ್ಷ ಅದರ ಹಿಂದೆಯೇ ಹೋಗುತ್ತದೆ. ದಿನಾ ರೌಂಡ್ಸ್‌ಗೆ ಬಂದಾಗ ಡಾಕ್ಟರು ಏನು ನೋಡುತ್ತಾರೆ ಗಮನಿಸಿ. ಕಾಲಿನ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಸೇರಿಸಿ ನೋಡುತ್ತಾರೆ. ಸಣ್ಣ ಸಣ್ಣ ನೆರಿಗೆ ಬಿದ್ದರೆ ಊತ ಇಳಿದಿದೆ ಅಂತ. ಆ ನೆರಿಗೆ ಕಾಣಿಸಿದ ಮೇಲೆ ಆಪರೇಷನ್. ಅಲ್ಲಿಯವರೆಗೆ ಹೊರಗಿನ ರಾಡು ಮೂಳೆಯನ್ನು ಉದ್ದಕ್ಕೆ ಎಳೆದು ಹಿಡಿದಿರುತ್ತದೆ. ಆ ನಡುವೆಯೇ ಸಿಟಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ರಾಡ್ ಎಳೆದ ಮೇಲೆ ತುಂಡುಗಳು ಎಲ್ಲೆಲ್ಲಿವೆ ಎಂದು ಚೆನ್ನಾಗಿ ಕಾಣುತ್ತದೆ. ಯಾವ ಬದಿಯಿಂದ ತೆರೆಯಬೇಕು, ಒಂದು ಪ್ಲೇಟೋ ಎರಡೋ ಎನ್ನುವುದು ಆ ಚಿತ್ರ ನೋಡಿಯೇ ತೀರ್ಮಾನವಾಗುವುದು. 1979ರಲ್ಲಿ ಶಾಟ್ಸ್‌ಕರ್ ಎಂಬ ಸರ್ಜನ್ ಈ ಮುರಿತಗಳನ್ನು ಆರು ಬಗೆಯಾಗಿ ವಿಂಗಡಿಸಿದರು, ಇವತ್ತಿಗೂ ನಾವು ಅದನ್ನೇ ಬಳಸುತ್ತೇವೆ. ನಿಮ್ಮ ಅಣ್ಣನ ಕೇಸ್ ಶೀಟಿನಲ್ಲಿ 5 ಅಥವಾ 6 ಅಂತ ಬರೆದಿದ್ದರೆ ಎರಡೂ ಬದಿ ಒಡೆದಿದೆ ಎಂದು ಅರ್ಥ. ಚರ್ಮ ತೀರಾ ಹಾಳಾಗಿದ್ದರೆ ದೊಡ್ಡದಾಗಿ ಕೊಯ್ಯದೆ, ಇಲಿಜರೋವ್ ರಿಂಗ್, ಅಂದರೆ ಕಾಲಿನ ಸುತ್ತ ಹೊರಗಿನಿಂದ ಕೂರಿಸುವ ಉಂಗುರಗಳ ಚೌಕಟ್ಟು, ಹಾಕಿಯೇ ಮೂಳೆ ಕೂಡುವವರೆಗೆ ನಡೆಸುವುದೂ ಉಂಟು.

ಆದರೆ ಒಂದು ವಿಷಯದಲ್ಲಿ ಕಾಯುವ ಹಾಗೇ ಇಲ್ಲ. ಅದನ್ನು ಅಣ್ಣನ ಪಕ್ಕದಲ್ಲಿ ಕೂರುವ ಎಲ್ಲರಿಗೂ ಹೇಳಿ. ಕಣಕಾಲಿನ ಮಾಂಸಖಂಡಗಳ ಸುತ್ತ ಹಿಗ್ಗದ ಪೊರೆ ಇದೆ. ಒಳಗೆ ರಕ್ತ ತುಂಬಿ ಊತ ಏರಿದರೆ ಒತ್ತಡಕ್ಕೆ ರಕ್ತ ಹರಿಯುವುದೇ ನಿಲ್ಲುತ್ತದೆ. ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತಾರೆ. ಗುರುತು ಹೀಗೆ: ಇಂಜೆಕ್ಷನ್ ಕೊಟ್ಟರೂ ತಗ್ಗದೆ ಏರುತ್ತಲೇ ಹೋಗುವ ನೋವು. ಕಾಲ್ಬೆರಳನ್ನು ನೀವು ಮೆಲ್ಲಗೆ ಮೇಲೆ ಕೆಳಗೆ ಮಾಡಿದರೆ ಕಿರುಚುವಷ್ಟು ನೋವು. ಮೀನಖಂಡ ಕಲ್ಲಿನಂತೆ ಬಿಗಿ. ಪಾದದಲ್ಲಿ ಜೋಮು. ಪಾದ ಬೆಚ್ಚಗಿದೆ, ಬಣ್ಣ ಚೆನ್ನಾಗಿದೆ ಅಂತ ಸಮಾಧಾನ ಪಡಬೇಡಿ, ಅದು ಕೊನೆಯವರೆಗೂ ಹಾಗೇ ಇರಬಹುದು. ಇದಕ್ಕೆ ಇರುವುದು ಗಂಟೆಗಳ ಲೆಕ್ಕ. ಸುಮಾರು 6 ಗಂಟೆ ಕಳೆದರೆ ಮಾಂಸ ಸಾಯಲು ಶುರುವಾಗುತ್ತದೆ. ಆಗ ಮಾಡುವುದು ಒಂದೇ, ಪೊರೆಯನ್ನು ಉದ್ದಕ್ಕೆ ಸೀಳಿ ಒತ್ತಡ ಬಿಡಿಸುವುದು. ರಾತ್ರಿ 2 ಗಂಟೆಯಾದರೂ ನರ್ಸನ್ನು ಎಬ್ಬಿಸಿ, ಡ್ಯೂಟಿ ಡಾಕ್ಟರನ್ನು ಕರೆಸಿ. 'ಪೇಷೆಂಟ್ ಸುಮ್ನೆ ಗಲಾಟೆ ಮಾಡ್ತಾರೆ' ಎಂದು ಯಾರಾದರೂ ಅಂದರೂ ಬಿಡಬೇಡಿ.

ಪ್ರಶ್ನೆ: ಇದೇ ತರಹದ ಮುರಿತವಾದ ದಿನದಿಂದ ನನಗೆ ಪಾದ ಮೇಲೆತ್ತಲು ಆಗುತ್ತಿಲ್ಲ. ನಡೆದರೆ ಬೆರಳು ನೆಲಕ್ಕೆ ತಾಗುತ್ತದೆ. ಮೂಳೆ ಕೂಡಿದ ಮೇಲೆ ಸರಿಹೋಗುತ್ತಾ?

ಮೂಳೆಗೂ ಇದಕ್ಕೂ ಸಂಬಂಧ ಇಲ್ಲ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಬೆರಳಿಟ್ಟರೆ ಒಂದು ಗುಬುಟು ಸಿಗುತ್ತದಲ್ಲ, ಅದರ ಕುತ್ತಿಗೆ ಸುತ್ತಿಕೊಂಡು ಒಂದು ನರ ಹೋಗುತ್ತದೆ. ಪಾದ ಎತ್ತುವುದು ಆ ನರದ ಕೆಲಸ. ಅದು ಎಳೆದುಹೋಗಿರಬಹುದು. ನರ ಕಡಿದಿಲ್ಲದಿದ್ದರೆ ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ಮರಳುತ್ತದೆ. ನರ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಅಲ್ಲಿಯವರೆಗೆ ಪಾದ ಜೋತುಬಿದ್ದು ಹಿಂದಿನ ಸ್ನಾಯು ಗಿಡ್ಡವಾಗದ ಹಾಗೆ ಪಾದಕ್ಕೆ ಸ್ಪ್ಲಿಂಟ್ ಹಾಕಿಕೊಳ್ಳಲೇಬೇಕು. ಪೆಟ್ಟಾಗಿ 3-4 ವಾರದ ಮೇಲೆ ನರದ ಪರೀಕ್ಷೆ ಮಾಡಿಸಿ. ಮರಳದೇ ಹೋದರೆ ಬೇರೊಂದು ಸ್ನಾಯುವಿನ ತಂತುವನ್ನು ಮುಂದಕ್ಕೆ ತಂದು ಕೂರಿಸುವ ಆಪರೇಷನ್ ಇದೆ.

ಪ್ರಶ್ನೆ: ಮೆಟ್ಟಿಲಲ್ಲಿ ಎಡವಿ ನನ್ನ ಮಂಡಿಚಿಪ್ಪು ಎರಡಾಗಿದೆ. ಆಪರೇಷನ್ ಬೇಕೇ ಬೇಕು ಅಂದರು. ನನ್ನ ಸಹೋದ್ಯೋಗಿಗೂ ಚಿಪ್ಪೇ ಒಡೆದದ್ದು, ಅವರಿಗೆ ಬರೀ ಬ್ರೇಸ್ (ಮಂಡಿಯನ್ನು ನೇರ ಹಿಡಿದಿಡುವ ಪಟ್ಟಿ) ಹಾಕಿ 6 ವಾರಕ್ಕೆ ಸರಿಮಾಡಿದರು. ನನಗೆ 34 ವರ್ಷ. ಆಪರೇಷನ್ ತಪ್ಪಿಸಬಹುದಾ?

ನೀವೇ ಒಂದು ಪರೀಕ್ಷೆ ನೆನಪಿಸಿಕೊಳ್ಳಿ. ಮೊದಲ ದಿನ ಡಾಕ್ಟರು ನಿಮ್ಮನ್ನು ಅಂಗಾತ ಮಲಗಿಸಿ, ಮಂಡಿ ನೇರ ಇಟ್ಟುಕೊಂಡು ಹಿಮ್ಮಡಿ ಎತ್ತಿ ಎಂದಿದ್ದಾರೆ. ಎತ್ತಲು ಆಯಿತಾ? ಆಗಿಲ್ಲದಿದ್ದರೆ ಉತ್ತರ ಅಲ್ಲೇ ಇದೆ.

ತೊಡೆಯ ಮುಂದಿನ ಸ್ನಾಯು ಚಿಪ್ಪಿಗೆ ಬಂದು ಸೇರುತ್ತದೆ. ಚಿಪ್ಪಿನ ಕೆಳತುದಿಯಿಂದ ಗಟ್ಟಿ ಪಟ್ಟಿಯೊಂದು ಕಣಕಾಲು ಮೂಳೆಗೆ ಹೋಗುತ್ತದೆ. ಕಾಲು ಚಾಚುವುದು, ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಏಳುವುದು ಎಲ್ಲ ಈ ಸಾಲಿನಿಂದಲೇ. ಚಿಪ್ಪು ಅಡ್ಡಕ್ಕೆ ಮುರಿದು, ಪಕ್ಕದ ಪೊರೆಯೂ ಹರಿದಿದ್ದರೆ ಮೇಲಿನ ತುಂಡನ್ನು ತೊಡೆ ಮೇಲಕ್ಕೆ ಎಳೆಯುತ್ತದೆ. ನಡುವೆ ಬಿರುಕು ಬಾಯಿ ತೆರೆಯುತ್ತದೆ. ಅದನ್ನು ಬ್ರೇಸ್ ಹತ್ತಿರ ತರಲಾರದು. ನಿಮ್ಮ ಸಹೋದ್ಯೋಗಿಯ ಚಿಪ್ಪು ಒಡೆದಿದ್ದರೂ ತುಂಡುಗಳು ಬೇರೆಯಾಗಿರಲಿಲ್ಲ, ಪಕ್ಕದ ಪೊರೆ ಉಳಿದಿತ್ತು, ಅವರು ಕಾಲು ಎತ್ತಬಲ್ಲವರಾಗಿದ್ದರು. ತುಂಡುಗಳ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಬಿರುಕು, ಅಥವಾ ಒಳಗಿನ ನುಣುಪು ಪದರದಲ್ಲಿ 2 ಮಿಲಿಮೀಟರಿಗಿಂತ ಹೆಚ್ಚು ಏರುಪೇರು ಇದ್ದರೆ ಸಾಮಾನ್ಯವಾಗಿ ಆಪರೇಷನ್ ಕಡೆಗೇ ಹೋಗುತ್ತೇವೆ. ನಿಮ್ಮ ವಯಸ್ಸಿಗೆ ನಾನೂ ಅದನ್ನೇ ಹೇಳುತ್ತೇನೆ.

ಆಪರೇಷನ್ ಬಹಳ ಹಳೆಯದು, ಅಷ್ಟೇ ನಂಬಿಕೆಯದು. ಎರಡು ತುಂಡುಗಳನ್ನು ಸೇರಿಸಿ ಎರಡು ಸಣ್ಣ ಕಡ್ಡಿ ಹಾಯಿಸುತ್ತೇವೆ. ಅವುಗಳ ತುದಿಗಳನ್ನು ಬಳಸಿಕೊಂಡು ಚಿಪ್ಪಿನ ಮುಂದೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಕ್ಕಿನ ತಂತಿ ಬಿಗಿಯುತ್ತೇವೆ. ಮಂಡಿ ಮಡಿಚಿದಾಗ ಚಿಪ್ಪಿನ ಮುಂಭಾಗ ಬಿರಿಯಲು ನೋಡುತ್ತದೆ, ಆದರೆ ಅಲ್ಲಿ ತಂತಿ ಹಿಡಿದಿರುವುದರಿಂದ ಎಳೆತವೇ ಒಳಬದಿಯ ತುಂಡುಗಳನ್ನು ಒತ್ತಿ ಸೇರಿಸುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಇದನ್ನು ನೋಡುವುದು ಖುಷಿಯ ವಿಷಯ. ತಂತಿ ಬಿಗಿದು ಮುಗಿದ ಮೇಲೆ ಟೇಬಲ್ ಮೇಲೆಯೇ ಮಂಡಿ ಮಡಿಚಿ ನೋಡುತ್ತೇವೆ. ಬಿರುಕು ಬಾಯಿ ತೆರೆಯದಿದ್ದರೆ ಎಲ್ಲಿಯವರೆಗೆ ಮಡಿಚಬಹುದು ಎಂದು ಅಲ್ಲೇ ಗೊತ್ತಾಗುತ್ತದೆ. ಆ ಡಿಗ್ರಿ ಎಷ್ಟು ಎಂದು ನಿಮ್ಮ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ನಿಮ್ಮ ಮುರಿತದಲ್ಲಿ ಭಾರದ ಲೆಕ್ಕ ಬೇರೆ. ಮಂಡಿ ನೇರ ಇದ್ದಾಗ ನಿಂತರೆ ಚಿಪ್ಪಿನ ಮೇಲೆ ಎಳೆತ ಕಡಿಮೆ. ಆದ್ದರಿಂದ ಬ್ರೇಸ್ ಲಾಕ್ ಮಾಡಿಕೊಂಡು ಬೇಗನೇ ಕಾಲೂರಿ ನಡೆಯಲು ಬಿಡುತ್ತಾರೆ. ಮಾಡಬಾರದ್ದು: ಮಂಡಿ ಮಡಿಚಿದ ಸ್ಥಿತಿಯಲ್ಲಿ ಭಾರ ಹಾಕುವುದು, ಕೂತು ಪಾದಕ್ಕೆ ತೂಕ ಕಟ್ಟಿಕೊಂಡು ಒದೆಯುವ ವ್ಯಾಯಾಮ. ಮೊದಲ 6 ವಾರ ಅದರ ಹತ್ತಿರ ಹೋಗಬೇಡಿ. ಮೆಟ್ಟಿಲಿದ್ದರೆ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮುಂದೆ ತಂತಿಯ ತುದಿ ಚರ್ಮಕ್ಕೆ ಚುಚ್ಚಬಹುದು. ಇದು ಸಾಮಾನ್ಯ, ಮೂಳೆ ಕೂಡಿದ ಮೇಲೆ ತೆಗೆಸಿದರಾಯಿತು.

ಪ್ರಶ್ನೆ: ಅಮ್ಮನಿಗೆ 76 ವರ್ಷ, ಸಕ್ಕರೆ ಕಾಯಿಲೆ ಇದೆ. ನಡೆಯುತ್ತಾ ಕುಸಿದು ತೊಡೆಮೂಳೆ ಮಂಡಿಯ ಸ್ವಲ್ಪ ಮೇಲೆ ಮುರಿದಿದೆ. ಈ ವಯಸ್ಸಿನಲ್ಲಿ ಕತ್ತರಿಸುವುದು ಯಾಕೆ, ತೂಕ ಕಟ್ಟಿ ಎಳೆದು ಮಲಗಿಸಿದರೆ ಸಾಲದೇ ಎಂದು ಮನೆಯಲ್ಲಿ ಚರ್ಚೆ. ನೀವೇನು ಹೇಳುತ್ತೀರಿ?

ಅಮ್ಮನಿಗೆ ಅಪಾಯ ಇರುವುದು ಹಾಸಿಗೆಯಲ್ಲಿ. ತೂಕ ಕಟ್ಟಿದರೆ 6 ವಾರ ಅಂಗಾತ ಮಲಗಬೇಕು. ಅಷ್ಟರೊಳಗೆ ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವು ಯಾವುದಾದರೂ ಬರುವ ಸಾಧ್ಯತೆ ಜಾಸ್ತಿ. ಜೊತೆಗೆ ಮುರಿತವೂ ಸರಿಯಾಗಿ ಕೂರುವುದಿಲ್ಲ. ತೊಡೆಯ ಸ್ನಾಯುಗಳು ಮೂಳೆಯನ್ನು ಗಿಡ್ಡ ಮಾಡುತ್ತವೆ. ಮೀನಖಂಡದ ಸ್ನಾಯು ಕೆಳಗಿನ ತುಂಡನ್ನು ಹಿಂದಕ್ಕೆ ಬಾಗಿಸುತ್ತದೆ. ಹಿಂದೆ ಕಾಲಿನ ಮುಖ್ಯ ರಕ್ತನಾಳ ಇದೆ. ಆದ್ದರಿಂದ ಹೃದಯ, ಮೂತ್ರಪಿಂಡ, ಸಕ್ಕರೆ ಎಲ್ಲ ನೋಡಿ, ಅರಿವಳಿಕೆ ಡಾಕ್ಟರು ಆಗಬಹುದು ಅಂದ ಕೂಡಲೇ ಮಾಡಿಸಿ. ಒಂದೆರಡು ದಿನದಲ್ಲಿ ಆದರೆ ಒಳ್ಳೆಯದು.

ವಯಸ್ಸಾದ ಮೂಳೆಯಲ್ಲಿ ಸ್ಕ್ರೂ ಸಡಿಲವಾಗುತ್ತೆ ಎನ್ನುವ ಮಾತು ಹಿಂದೆ ನಿಜವಿತ್ತು. ಈಗಿನ ಲಾಕಿಂಗ್ ಪ್ಲೇಟಿನಲ್ಲಿ ಸ್ಕ್ರೂವಿನ ತಲೆ ಪ್ಲೇಟಿನ ತೂತಿಗೇ ತಿರುಪಿಕೊಂಡು ಕೂರುತ್ತದೆ. ಬರೀ ಮೂಳೆಯ ಹಿಡಿತವನ್ನೇ ನಂಬಿಕೊಂಡಿರುವುದಿಲ್ಲ. ಇಲ್ಲವಾದರೆ ಮಂಡಿಯೊಳಗಿಂದ ತೊಡೆಮೂಳೆಗೆ ರಾಡ್ ಹಾಕುತ್ತಾರೆ. ಕೀಲೇ ಪುಡಿಯಾಗಿದ್ದರೆ, ಮೊದಲೇ ಸವೆದಿದ್ದರೆ, ಕೆಲವರಿಗೆ ನೇರವಾಗಿ ಕೃತಕ ಕೀಲು. ಯಾವುದು ಮಾಡಿದರೂ ನೀವು ಕೇಳಬೇಕಾದ್ದು ಒಂದೇ: ಅಮ್ಮನನ್ನು ಯಾವ ದಿನ ಎಬ್ಬಿಸಿ ನಿಲ್ಲಿಸುತ್ತೀರಿ? ವಾಕರ್ ಹಿಡಿದು ಒಂದು ಕಾಲಿಗೆ ಭಾರ ಹಾಕದೆ ನಡೆಯುವುದು 76ರಲ್ಲಿ ಆಗದ ಮಾತು. ಅದಕ್ಕೇ ವಯಸ್ಸಾದವರಿಗೆ ಎಷ್ಟೋ ಸರ್ಜನ್ನರು ಬೇಗ ಕಾಲೂರಲು ಬಿಡುವಷ್ಟು ಗಟ್ಟಿಯಾಗಿ ಕೂರಿಸುವುದನ್ನೇ ನೋಡುತ್ತಾರೆ.

ಆಪರೇಷನ್ ಆದ ಒಂದೆರಡು ರಾತ್ರಿ ಅಮ್ಮ ಗೊಂದಲಗೊಳ್ಳಬಹುದು. ಯಾರನ್ನೋ ಕರೆಯಬಹುದು, ಪೈಪ್ ಕಿತ್ತುಹಾಕಲು ನೋಡಬಹುದು. ಹೆದರಬೇಡಿ, ಆದರೆ ಡಾಕ್ಟರಿಗೆ ಹೇಳಿ. ಕನ್ನಡಕ, ಕಿವಿ ಮಿಷನ್ ಇದ್ದರೆ ಎಚ್ಚರವಾದ ಕೂಡಲೇ ಹಾಕಿ. ಗುರುತಿನ ಮುಖ ಪಕ್ಕದಲ್ಲಿರಲಿ. ಹೆಪ್ಪು ಕಟ್ಟದಿರಲು ಕೊಡುವ ಇಂಜೆಕ್ಷನ್ನನ್ನು ಮನೆಗೆ ಬಂದ ಮೇಲೂ ಹೇಳಿದಷ್ಟು ದಿನ ನಿಲ್ಲಿಸಬೇಡಿ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯವೂ ನಿಧಾನ, ಮೂಳೆಯೂ ನಿಧಾನ.

ಮತ್ತೆ ಇದೊಂದನ್ನು ಯಾರೂ ಕೇಳುವುದಿಲ್ಲ. ನಡೆಯುತ್ತಾ ಬಿದ್ದಷ್ಟಕ್ಕೇ ತೊಡೆಮೂಳೆ ಮುರಿಯಿತು ಅಂದರೆ ಮೂಳೆ ಟೊಳ್ಳಾಗಿದೆ. ಮುರಿದದ್ದಕ್ಕೆ ಪ್ಲೇಟ್ ಹಾಕಿ ಮನೆಗೆ ಕರೆತಂದರೆ ಅರ್ಧ ಕೆಲಸ ಬಾಕಿ. ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ ನೋಡಿಸಿ, ಮೂಳೆ ಗಟ್ಟಿ ಮಾಡುವ ಔಷಧ ಶುರು ಮಾಡಿಸಿ. ಇಲ್ಲದಿದ್ದರೆ ಮುಂದಿನ ಬಾರಿ ಇನ್ನೊಂದು ಕಾಲು.

ಪ್ರಶ್ನೆ: ಆಪರೇಷನ್ ಆಗಿ 3 ತಿಂಗಳು. ಎಷ್ಟು ಪ್ರಯತ್ನಪಟ್ಟರೂ 70 ಡಿಗ್ರಿಗಿಂತ ಮಡಿಚಲು ಆಗುತ್ತಿಲ್ಲ. ಅರಿವಳಿಕೆ ಕೊಟ್ಟು ಮಡಿಚಿಸೋಣ ಅನ್ನುತ್ತಿದ್ದಾರೆ. ಮತ್ತೆ ಮುರಿದರೆ ಎಂದು ಭಯ.

70 ಡಿಗ್ರಿಯಲ್ಲಿ ಸಮತಟ್ಟು ನೆಲದಲ್ಲಿ ನಡೆಯಬಹುದು. ಮೆಟ್ಟಿಲಿಗೆ 90ರ ಹತ್ತಿರ ಬೇಕು, ತಗ್ಗು ಕುರ್ಚಿಯಿಂದ ಏಳಲು 100 ದಾಟಬೇಕು, ಕುಕ್ಕರಗಾಲಲ್ಲಿ ಕೂರಲು ಇನ್ನೂ ಜಾಸ್ತಿ. ಆದ್ದರಿಂದ 70ಕ್ಕೆ ಸುಮ್ಮನಾಗುವುದು ಬೇಡ ಎಂಬ ನಿಮ್ಮ ಡಾಕ್ಟರ ಮಾತು ಸರಿ.

ಮೊದಲು ಮೂರು ವಿಷಯ ಖಾತ್ರಿ ಆಗಬೇಕು. ಮೂಳೆ ಕೂಡಿದೆಯಾ? ಯಾವುದಾದರೂ ಸ್ಕ್ರೂ ಕೀಲಿನೊಳಗೆ ಚಾಚಿದೆಯಾ? ಒಳಗೆ ಸೋಂಕು ಇದೆಯಾ? ಎಕ್ಸ್‌ರೇ, ಅನುಮಾನ ಇದ್ದರೆ ಸಿಟಿ, ಜೊತೆಗೆ ರಕ್ತಪರೀಕ್ಷೆ. ಇವೆಲ್ಲ ಸರಿ ಇದ್ದರೆ ಬಿಗಿತಕ್ಕೆ ಕಾರಣ ಒಳಗೆ ಕಟ್ಟಿಕೊಂಡ ಗಾಯದ ಎಳೆಗಳು. ಅವು ಎಳೆಯದಾಗಿರುವಾಗ, ಅಂದರೆ ಸುಮಾರು 3 ತಿಂಗಳೊಳಗೆ, ಅರಿವಳಿಕೆ ಕೊಟ್ಟು ಮೆಲ್ಲಗೆ ಮಡಿಚಿದರೆ ಬಿಡುತ್ತವೆ. ನೀವು ಆ ಅಂಚಿನಲ್ಲಿದ್ದೀರಿ, ಇನ್ನು ಮುಂದೂಡಬೇಡಿ. ಮೂಳೆ ಮುರಿಯುವ ಅಥವಾ ಚಿಪ್ಪಿನ ಪಟ್ಟಿ ಹರಿಯುವ ಸಾಧ್ಯತೆ ಸಣ್ಣದಾಗಿ ಇದೆ. ಅದಕ್ಕೇ ತೊಡೆ ಹಿಡಿದು, ಕಣಕಾಲಿನ ಮೇಲ್ಭಾಗದಲ್ಲಿ ಕೈ ಇಟ್ಟು ಒತ್ತುತ್ತೇವೆ. ಪಾದದ ಹತ್ತಿರ ಹಿಡಿದು ಒತ್ತುವುದಿಲ್ಲ. ಬಿಡದಿದ್ದರೆ ಬಲವಂತ ಮಾಡದೆ, ಸಣ್ಣ ತೂತಿನಿಂದ ಕೀಲಿನೊಳಗೆ ಪುಟ್ಟ ಕ್ಯಾಮೆರಾ ಹಾಕಿ ಎಳೆಗಳನ್ನು ಕತ್ತರಿಸುತ್ತೇವೆ. ತೊಡೆಯ ಸ್ನಾಯುವೇ ಮೂಳೆಗೆ ಅಂಟಿದ್ದರೆ ಅದನ್ನು ಬಿಡಿಸುವ ದೊಡ್ಡ ಆಪರೇಷನ್ ಬೇರೆ ಇದೆ, ಅದು ಕೊನೆಗೆ.

ಅರಿವಳಿಕೆಯಲ್ಲಿ ನಾನು 120 ಡಿಗ್ರಿ ಮಡಿಚಿ ತೋರಿಸಬಲ್ಲೆ. ಅವತ್ತು ಸಂಜೆಯಿಂದಲೇ ನೀವು ಮಡಿಚದಿದ್ದರೆ ಎರಡು ವಾರಕ್ಕೆ ಮತ್ತೆ 70. ಆದ್ದರಿಂದ ದಿನಾಂಕ ಗೊತ್ತು ಮಾಡುವಾಗಲೇ ಮುಂದಿನ ಎರಡು ವಾರದ ಫಿಸಿಯೋಥೆರಪಿಯನ್ನೂ, ನೋವಿನ ಮಾತ್ರೆಯನ್ನೂ ಗೊತ್ತು ಮಾಡಿಕೊಳ್ಳಿ. ಮನೆಯಲ್ಲಿ ಯಾರೋ ಮೇಲೆ ಕೂತು ಜೋರಾಗಿ ಮಡಿಚುವುದು ಮಾತ್ರ ಖಂಡಿತ ಬೇಡ. ಮಾಂಸ ಹರಿದು, ಅದರೊಳಗೆ ಮೂಳೆ ಬೆಳೆದು, ಇರುವ ಚಲನೆಯೂ ಹೋಗಬಹುದು.

ಪ್ರಶ್ನೆ: 11 ವರ್ಷದ ಮಗ ಸೈಕಲ್‌ನಿಂದ ಬಿದ್ದ. ಎರಡು ಗಂಟೆಯಲ್ಲೇ ಮಂಡಿ ಊದಿತು. ಎಕ್ಸ್‌ರೇಯಲ್ಲಿ ಮಂಡಿ ಮಧ್ಯೆ ಸಣ್ಣ ಮೂಳೆ ತುಂಡು ಎದ್ದಿದೆ ಅಂದರು. ಸಣ್ಣದು ತಾನೇ?

ತುಂಡು ಸಣ್ಣದು, ಕೆಲಸ ದೊಡ್ಡದು. ಮಂಡಿಯ ಮುಖ್ಯ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿ, ಬಂದು ಅಂಟುವುದು ಅಲ್ಲೇ. ದೊಡ್ಡವರಲ್ಲಿ ಇಂಥ ಪೆಟ್ಟಿಗೆ ಲಿಗಮೆಂಟ್ ಹರಿಯುತ್ತದೆ, ಮಕ್ಕಳಲ್ಲಿ ಅದು ಹಿಡಿದಿರುವ ಮೂಳೆಯೇ ಎದ್ದುಬರುತ್ತದೆ. ತುಂಡು ತನ್ನ ಜಾಗದಲ್ಲೇ ಇದ್ದರೆ ಪ್ಲಾಸ್ಟರ್ ಸಾಕು. ಪೂರ್ತಿ ಮೇಲೆದ್ದಿದ್ದರೆ ಹೊಲಿಗೆಯಿಂದಲೋ ಸಣ್ಣ ಸ್ಕ್ರೂವಿನಿಂದಲೋ ಕೂರಿಸಬೇಕು. ಮಂಡಿಯ ಸುತ್ತ ಬೆಳವಣಿಗೆಯ ಪದರಗಳಿವೆ, ಕಾಲು ಉದ್ದ ಆಗುವುದು ಹೆಚ್ಚಾಗಿ ಅಲ್ಲಿಂದಲೇ. ಅವಕ್ಕೂ ಪೆಟ್ಟಾಗಿದ್ದರೆ ಕಾಲು ಗಿಡ್ಡವೋ ಸೊಟ್ಟವೋ ಆಗಬಹುದು. ಆದ್ದರಿಂದ ಓಡಾಡಲು ಶುರು ಮಾಡಿದ ಮೇಲೂ ಒಂದೆರಡು ವರ್ಷ ತೋರಿಸುತ್ತಿರಿ.

ಪ್ರಶ್ನೆ: ಪ್ಲೇಟ್ ಹಾಕಿ ಒಂದೂವರೆ ವರ್ಷ. ಚೆನ್ನಾಗಿ ನಡೆಯುತ್ತೇನೆ, ಕಾರೂ ಓಡಿಸುತ್ತೇನೆ. ಆದರೆ ಒಂದು ಸ್ಕ್ರೂವಿನ ತಲೆ ಚರ್ಮದ ಕೆಳಗೆ ಕೈಗೆ ಸಿಗುತ್ತದೆ, ಪಕ್ಕಕ್ಕೆ ಮಲಗಿದರೆ ಒತ್ತುತ್ತದೆ. ತೆಗೆಸಲೇಬೇಕಾ?

ತೆಗೆಸಲೇಬೇಕು ಅಂತಿಲ್ಲ. ತೊಂದರೆ ಕೊಡದ ಪ್ಲೇಟು ಜೀವನಪೂರ್ತಿ ಒಳಗೇ ಇರಬಹುದು. ನಿಮಗೆ ದಿನಾ ಒತ್ತುತ್ತಿದೆ ಅನ್ನುವುದೇ ತೆಗೆಸಲು ಸಾಕಷ್ಟು ಕಾರಣ. ಆದರೆ ಮಂಡಿಯೊಳಗಿನ ನೋವು ಬೇರೆ, ಸ್ಕ್ರೂ ಒತ್ತುವ ನೋವು ಬೇರೆ. ಬೆರಳಿಟ್ಟು ತೋರಿಸುವ ಒಂದೇ ಜಾಗದಲ್ಲಿ ನೋಯುತ್ತಿದ್ದರೆ ಸ್ಕ್ರೂ. ಇಳಿಜಾರಿನಲ್ಲಿ, ತುಂಬ ಹೊತ್ತು ನಿಂತಾಗ, ಒಳಗೆಲ್ಲ ನೋಯುತ್ತಿದ್ದರೆ ಅದು ಕೀಲು ಸವೆಯುವ ನೋವು, ಪ್ಲೇಟ್ ತೆಗೆದರೂ ಹೋಗುವುದಿಲ್ಲ. ಅದಕ್ಕೆ ತೂಕ ಇಳಿಸುವುದು, ತೊಡೆ ಗಟ್ಟಿ ಮಾಡುವುದು ಮೊದಲ ಮದ್ದು.

ತೆಗೆಸುವುದಾದರೆ ಹಿಂದಿನ ಡಿಸ್ಚಾರ್ಜ್ ಚೀಟಿ, ಆಪರೇಷನ್ ನೋಟ್ಸ್, ಪ್ಲೇಟಿನ ಸ್ಟಿಕ್ಕರ್ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಪ್ಲೇಟ್ ಯಾವ ಬಗೆಯದು ಎಂದು ಗೊತ್ತಿದ್ದರೆ ಅದಕ್ಕೆ ಕೂರುವ ಸ್ಕ್ರೂಡ್ರೈವರ್ ಮೊದಲೇ ತರಿಸಿಡಬಹುದು. ಇಲ್ಲದಿದ್ದರೆ ಟೇಬಲ್ ಮೇಲೆ ಸ್ಕ್ರೂ ಬಿಡಿಸಲು ಒದ್ದಾಡಬೇಕಾಗುತ್ತದೆ. ತೆಗೆದ ಮೇಲೆ ಸ್ಕ್ರೂ ಇದ್ದ ತೂತುಗಳು ತುಂಬಲು ಸಮಯ ಬೇಕು. ನಡೆಯಲು ಅಡ್ಡಿ ಇಲ್ಲ. ಓಡುವುದು, ಜಿಗಿಯುವುದು ಮಾತ್ರ ಸುಮಾರು 3 ತಿಂಗಳು ಬೇಡ.